ಶಾಸ್ತ್ರದಾನದಿಂದ ಚಂದಾದಾರಿಕೆಯವರೆಗೆ: ಸುಲಭ ಬೆಲೆಯ ಕನ್ನಡ ಗ್ರಂಥದ ಚರಿತ್ರೆ

1. ಪ್ರಸ್ತಾವನೆ

ಸಾಹಿತ್ಯ ಚರಿತ್ರೆಯನ್ನು ಬರೆಯುವವರು ಗ್ರಂಥದ ಕರ್ತೃ, ಕಾಲ, ವಸ್ತು, ಶೈಲಿಗಳನ್ನು ಕುರಿತು ವಿಪುಲವಾಗಿ ಚರ್ಚಿಸುತ್ತಾರೆ. ಗ್ರಂಥದ ಬೆಲೆಯ ವಿಚಾರವನ್ನು ಮಾತ್ರ ವ್ಯಾಪಾರಿಗಳ ಪಾಲಿಗೆ ಬಿಟ್ಟುಬಿಡುತ್ತಾರೆ. ಒಂದು ಕೃತಿ ಎಷ್ಟು ಜನರ ಕೈಸೇರಿತು, ಯಾರ ಕೈಸೇರಲಿಲ್ಲ, ಸಾಮಾನ್ಯ ಓದುಗನಿಗೆ ಅದು ಎಟಕುವಂತೆ ಮಾಡಲು ನಷ್ಟದ ಭಾರವನ್ನು ಹೊತ್ತವರು ಯಾರು ಎಂಬ ಪ್ರಶ್ನೆಗಳು ಸಾಹಿತ್ಯದ ಹೊರಗಿನವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಒಂದು ಭಾಷೆಯಲ್ಲಿ ಎಂತಹ ಹೊಸ ಬರವಣಿಗೆ ಬೆಳಕಿಗೆ ಬರಬಲ್ಲದು ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಗಳ ಉತ್ತರವನ್ನೇ ಅವಲಂಬಿಸಿದೆ.

ಒಳ್ಳೆಯ ಗ್ರಂಥ ಹೆಚ್ಚು ಜನರಿಗೆ ಸುಲಭ ಬೆಲೆಯಲ್ಲಿ ದೊರೆಯಬೇಕೆಂಬ ಆದರ್ಶವನ್ನು ಕನ್ನಡದ ಪ್ರಕಾಶಕರಲ್ಲಿ ಹಲವರು ಸಾರಿದ್ದಾರೆ. ಆದರೆ ಬೆಲೆ ತಾನಾಗಿ ಇಳಿಯುವುದಿಲ್ಲ. ಓದುಗ ಕೊಡದೆ ಉಳಿಸಿದ ಹಣವನ್ನು ಬೇರೆ ಯಾರಾದರೂ ಕೊಟ್ಟಿರಬೇಕು, ಇಲ್ಲವೆ ಆ ಖರ್ಚೇ ಇಲ್ಲವಾಗುವಂತಹ ಒಂದು ಏರ್ಪಾಡು ಇರಬೇಕು. ಕನ್ನಡದಲ್ಲಿ ಈ ಭಾರವನ್ನು ದಾನಿ ಹೊತ್ತದ್ದುಂಟು, ಲೇಖಕ ಸ್ವತಃ ಹೊತ್ತದ್ದುಂಟು, ಸರ್ಕಾರ ಹೊತ್ತದ್ದುಂಟು. ಇವೆಲ್ಲಕ್ಕಿಂತ ಭಿನ್ನವಾಗಿ, ಓದುಗನೇ ಮುಂಗಡವಾಗಿ ನಂಬಿಕೆಯನ್ನಿಟ್ಟು ಪುಸ್ತಕ ಹುಟ್ಟುವ ಮೊದಲೇ ಅದರ ಹೊಣೆಯಲ್ಲಿ ಪಾಲುಗೊಂಡ ಮಾದರಿಯೊಂದು ಧಾರವಾಡದಲ್ಲಿ ಬೆಳೆಯಿತು. ಆಧುನಿಕ ಕನ್ನಡ ಸಾಹಿತ್ಯದ ಕೆಲವು ಅತ್ಯಂತ ಸಾಹಸದ ಕೃತಿಗಳು ಈ ನಾಲ್ಕನೆಯ ಮಾದರಿಯ ಆಶ್ರಯದಲ್ಲಿ ಪ್ರಕಟವಾದುದು ಆಕಸ್ಮಿಕವಲ್ಲ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಈ ಚರಿತ್ರೆಯನ್ನು ಇಲ್ಲಿ ಮುಂಬಯಿಯ ಕಡೆಯಿಂದ, ಅದರಲ್ಲೂ ಮಲಾಡ್‌ನಂತಹ ಉಪನಗರದ ಕನ್ನಡ ಓದುಗನ ಕಡೆಯಿಂದ ನೋಡಲಾಗಿದೆ. ಅದಕ್ಕೆ ಕಾರಣವಿದೆ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಮಲಾಡ್ ಗ್ರಾಮವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಿಂದ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, 1957ರಲ್ಲಿ, ಬೃಹನ್ಮುಂಬಯಿಯ ಎಲ್ಲೆ ಉತ್ತರಕ್ಕೆ ವಿಸ್ತರಿಸಿದಾಗ ಮಲಾಡ್ ಮಹಾನಗರದೊಳಗೆ ಬಂದಿತು. ಹೀಗೆ ಕೆಲವೇ ತಿಂಗಳುಗಳ ಅಂತರದಲ್ಲಿ ಅಲ್ಲಿನ ಕನ್ನಡಿಗ ನಗರವಾಸಿಯೂ ಆದ, ಹೊರನಾಡಿಗನೂ ಆದ. ಅವನ ಪಾಲಿಗೆ ಪುಸ್ತಕದ ಬೆಲೆ ಎಂದರೆ ಮುಖಪುಟದ ಹಿಂದೆ ಅಚ್ಚಾದ ಅಂಕಿ ಮಾತ್ರವಲ್ಲ. ಆ ಪುಸ್ತಕ ಇದೆ ಎಂಬುದನ್ನು ತಿಳಿಯುವ, ಅದನ್ನು ತರಿಸಿಕೊಳ್ಳುವ ಖರ್ಚೂ ಅದರಲ್ಲಿ ಸೇರಿದೆ. ಒಳನಾಡಿನ ಓದುಗನ ದೃಷ್ಟಿಗೆ ಬೀಳದ ಈ ಎರಡನೆಯ ಭಾಗ ಹೊರನಾಡಿನಿಂದ ನೋಡಿದಾಗ ಸ್ಪಷ್ಟವಾಗುತ್ತದೆ.

2. ದಾನದ ಮಾದರಿ

ಒಂದೇ ಗ್ರಂಥವನ್ನು ಬಹುಜನರಿಗೆ ತಲುಪಿಸುವ ಸಂಕಲ್ಪ ಕನ್ನಡದಲ್ಲಿ ಮುದ್ರಣಯುಗದೊಂದಿಗೆ ಹುಟ್ಟಿದ್ದಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ವಿಧಿಸಿದ ಜೈನ ಪರಂಪರೆಯಲ್ಲಿ ಗ್ರಂಥದ ಪ್ರತಿ ಮಾಡಿಸಿ ಹಂಚುವುದು ಪುಣ್ಯಕಾರ್ಯವಾಗಿತ್ತು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1,000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದುದು. ರನ್ನನಿಗೆ ಆಶ್ರಯವಿತ್ತು ‘ಅಜಿತಪುರಾಣ’ವನ್ನು ಬರೆಯಿಸಿದವಳೂ ಆಕೆಯೇ. ಓಲೆಗರಿಯನ್ನು ಹದಮಾಡಿ, ಕಂಠದಿಂದ ಕೊರೆದು, ಮಸಿ ತುಂಬಿ, ದಾರ ಪೋಣಿಸಿ ಒಂದು ಪ್ರತಿಯನ್ನು ಸಿದ್ಧಪಡಿಸುವ ಶ್ರಮವನ್ನು ಬಲ್ಲವರು ಸಾವಿರ ಪ್ರತಿಗಳೆಂದರೆ ಏನೆಂಬುದನ್ನು ಊಹಿಸಬಲ್ಲರು. ಮುದ್ರಣಾಲಯದಲ್ಲಿ ಎರಡನೆಯ ಪ್ರತಿ ಮೊದಲನೆಯದಕ್ಕಿಂತ ಅಗ್ಗ. ಲಿಪಿಕಾರನ ಕೈಯಲ್ಲಿ ಸಾವಿರನೆಯ ಪ್ರತಿಗೂ ಮೊದಲನೆಯದರಷ್ಟೇ ಶ್ರಮ. ಆಕೆಯ ಕಾರ್ಯದ ಹಿರಿಮೆ ಇಲ್ಲಿದೆ.

ಆದರೆ ದಾನದ ಗ್ರಂಥಕ್ಕೆ ಒಂದು ಮಿತಿಯೂ ಉಂಟು. ಅದರ ಆಯ್ಕೆ ದಾನಿಯದು. ಪಡೆದವನಿಗೆ ಗ್ರಂಥ ಲಭಿಸುತ್ತದೆ, ಯಾವ ಗ್ರಂಥ ಎಂಬುದರಲ್ಲಿ ಅವನಿಗೆ ಮಾತಿಲ್ಲ. ದಾನಿಯ ಕಾಲ ಮುಗಿದಂತೆ ಆ ಪ್ರವಾಹವೂ ನಿಲ್ಲುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮುದ್ರಣ ಬಂದಾಗಲೂ ಕನ್ನಡದ ಹಳೆಯ ಕಾವ್ಯಗಳಿಗೆ ಮೊದಲು ಒದಗಿದ್ದು ದಾನದ ಆಸರೆಯೇ. ಬಾಸೆಲ್ ಮಿಶನ್ನಿನವರು 1841ರಲ್ಲಿ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರಗಳನ್ನು ಮಂಗಳೂರಿಗೆ ತಂದರು. ಅದೇ ಊರಿನಲ್ಲಿ ಹರ್ಮನ್ ಮೋಗ್ಲಿಂಗ್ 1848ರಿಂದ ‘ಬಿಬ್ಲಿಯೊಥೆಕಾ ಕರ್ನಾಟಕಾ’ ಎಂಬ ಮಾಲೆಯಲ್ಲಿ ‘ಜೈಮಿನಿ ಭಾರತ’, ‘ಬಸವಪುರಾಣ’, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಹೊರತಂದ. ಇದರ ಖರ್ಚನ್ನು ಹೊತ್ತವನು ನಿವೃತ್ತ ನ್ಯಾಯಾಧೀಶ ಕಾಸಾಮೇಜರ್. ಉದ್ದೇಶ, ಮತ, ಕಾಲಗಳು ಎಷ್ಟು ಬೇರೆಯಾದರೂ ಅತ್ತಿಮಬ್ಬೆಗೂ ಕಾಸಾಮೇಜರನಿಗೂ ಒಂದು ಸಾಮ್ಯವಿದೆ: ಇಬ್ಬರೂ ಓದುಗನ ಪರವಾಗಿ ತಾವೇ ಹಣ ತೆತ್ತವರು. ಮಾಲೆ ಕೆಲವೇ ವರ್ಷಗಳಲ್ಲಿ ನಿಂತಿತು.

ಶತಮಾನದ ಕೊನೆಯ ದಶಕದಲ್ಲಿ ಮೈಸೂರಿನಲ್ಲಿ ಎಸ್.ಜಿ. ನರಸಿಂಹಾಚಾರ್ಯ ಮತ್ತು ಎಂ.ಎ. ರಾಮಾನುಜಯ್ಯಂಗಾರ್ಯರು ‘ಕರ್ಣಾಟಕ ಕಾವ್ಯಮಂಜರಿ’ಯನ್ನು ಮಾಸಿಕ ರೂಪದಲ್ಲಿ ಆರಂಭಿಸಿದಾಗ ಹೊಸದೊಂದು ದಾರಿ ತೆರೆಯಿತು. ಇಡೀ ಕಾವ್ಯದ ಬೆಲೆಯನ್ನು ಒಮ್ಮೆಗೆ ತೆರಲಾರದವನು ಸಂಚಿಕೆ ಸಂಚಿಕೆಯಾಗಿ ಅದನ್ನು ಪಡೆಯಬಹುದಾಯಿತು. ಗ್ರಂಥ ಪತ್ರಿಕೆಯ ವೇಷದಲ್ಲಿ ಮನೆಗೆ ಬಂದಿತು. ಮುಂದಿನ ಚಂದಾ ಪದ್ಧತಿಯ ಬೀಜವನ್ನು ಇಲ್ಲಿ ಕಾಣಬಹುದು.

3. ಮುಂಬಯಿಯ ಎರಡು ನಿದರ್ಶನಗಳು

ಇದೇ ಅವಧಿಯಲ್ಲಿ ಮುಂಬಯಿ ನಗರ ಗ್ರಂಥದ ಬೆಲೆಯ ಸಮಸ್ಯೆಗೆ ತನ್ನದೇ ಆದ ಎರಡು ಉತ್ತರಗಳನ್ನು ಕಂಡುಕೊಂಡಿತ್ತು. ಮೊದಲನೆಯದು ಜಾವಜಿ ದಾದಾಜಿಯವರ ನಿರ್ಣಯಸಾಗರ. 1864ರಲ್ಲಿ ಅಚ್ಚುಮೊಳೆಗಳ ಎರಕದ ಕಾರ್ಖಾನೆಯನ್ನೂ 1869ರಲ್ಲಿ ಮುದ್ರಣಾಲಯವನ್ನೂ ಸ್ಥಾಪಿಸಿದ ಅವರು ಮೊಳೆಯಿಂದ ಹಿಡಿದು ಕಟ್ಟಿದ ಪುಸ್ತಕದವರೆಗಿನ ಕೆಲಸಗಳನ್ನು ಒಂದೇ ಆಡಳಿತದಡಿ ತಂದರು. ಶುದ್ಧ ಪಾಠ, ಅಂದವಾದ ಅಕ್ಷರಗಳ ಸಂಸ್ಕೃತ ಗ್ರಂಥಗಳು ಈ ದೇಶದ ಪಂಡಿತರ ಮನೆಗಳನ್ನು ತಲುಪಿದವು. 1886ರಲ್ಲಿ ತೊಡಗಿದ ‘ಕಾವ್ಯಮಾಲಾ’ ಅದರ ಕಿರೀಟಪ್ರಾಯ. ಇಲ್ಲಿ ಬೆಲೆಯನ್ನು ಇಳಿಸಿದ್ದು ಕಸುಬಿನ ನೈಪುಣ್ಯ.

ಎರಡನೆಯದು ಗುಜರಾತಿ ಭಾಷೆಯ ‘ಸಸ್ತುಂ ಸಾಹಿತ್ಯವರ್ಧಕ ಕಾರ್ಯಾಲಯ’. ಭಿಕ್ಷು ಅಖಂಡಾನಂದರೆಂಬ ಸಂನ್ಯಾಸಿ 1907ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಈ ಸಂಸ್ಥೆ ಮುಂದೆ ಅಹಮದಾಬಾದಿಗೆ ನೆಲೆ ಬದಲಿಸಿತು. ‘ಸಸ್ತುಂ’ ಎಂದರೆ ಅಗ್ಗದ್ದು. ಪ್ರಕಾಶಕರು ಸಾಮಾನ್ಯವಾಗಿ ಮರೆಮಾಚುವ ಪದವನ್ನು ಸಂಸ್ಥೆಯ ಹೆಸರಿನಲ್ಲೇ ಇಟ್ಟುಕೊಂಡ ಧೈರ್ಯ ಗಮನಾರ್ಹ. ಭಾಗವತ, ಗೀತೆ, ಸಂತವಾಣಿ, ನೀತಿಗ್ರಂಥಗಳನ್ನು ಬಡವನೂ ಕೊಳ್ಳುವ ಬೆಲೆಗೆ ಕೊಡುವುದು ಅವರ ವ್ರತವಾಗಿತ್ತು. 1923ರಲ್ಲಿ ಸ್ಥಾಪಿತವಾದ ಗೋರಖಪುರದ ಗೀತಾಪ್ರೆಸ್ ಮತ್ತು ಭಾರತೀಯ ವಿದ್ಯಾಭವನ 1951ರಲ್ಲಿ ರಾಜಾಜಿಯವರ ‘ಮಹಾಭಾರತ’ದಿಂದ ಆರಂಭಿಸಿದ ಪುಸ್ತಕಮಾಲೆ ಸ್ಥೂಲವಾಗಿ ಇದೇ ಪಂಕ್ತಿಗೆ ಸೇರುತ್ತವೆ.

ಈ ಉದ್ಯಮಗಳ ಯಶಸ್ಸನ್ನು ಗೌರವಿಸುತ್ತಲೇ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಅವು ಹಂಚಿದ್ದು ಈಗಾಗಲೇ ಪೂಜ್ಯವೆನಿಸಿದ ಗ್ರಂಥಗಳನ್ನು. ಭಗವದ್ಗೀತೆಗೆ ಓದುಗರು ದೊರೆಯುವರೇ ಎಂಬ ಸಂದೇಹ ಯಾರಿಗೂ ಬಾರದು. ಬೇಡಿಕೆ ಖಚಿತವಾಗಿರುವಲ್ಲಿ ಹತ್ತಾರು ಸಾವಿರ ಪ್ರತಿ ಮುದ್ರಿಸಿ ಬೆಲೆಯನ್ನು ತಗ್ಗಿಸುವುದು ಸಾಧ್ಯ. ಹೆಸರೇ ಕೇಳದ ತರುಣನೊಬ್ಬನ ಮೊದಲ ನಾಟಕವನ್ನು ಹಾಗೆ ಮುದ್ರಿಸಲಾಗದು. ಹೊಸ ಸಾಹಿತ್ಯವನ್ನು ಸುಲಭ ಬೆಲೆಗೆ ಕೊಡುವುದು ಹೇಗೆ ಎಂಬ ಕಠಿಣತರ ಪ್ರಶ್ನೆ ಉಳಿದೇ ಇತ್ತು. ಅದನ್ನು ಎದುರಿಸಿದ್ದು ಮುಂಬಯಿ ಪ್ರಾಂತದ ದಕ್ಷಿಣದ ಅಂಚು.

4. ಲೇಖಕನ ಹೆಗಲು

ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡಕ್ಕೆ ನೆಲೆ ದೊರಕಿಸಲು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಲೇಖಕರಿಗೆ ಬಹುಮಾನವಿತ್ತು ಗ್ರಂಥಗಳನ್ನು ಬರೆಯಿಸಿ ಪ್ರಕಟಿಸುವುದು ಅದರ ಮುಖ್ಯ ಕಾರ್ಯಗಳಲ್ಲೊಂದು. 1896ರಿಂದ ‘ವಾಗ್ಭೂಷಣ’ ಪತ್ರಿಕೆಯೂ ಬಂದಿತು. ಆದರೆ ಗ್ರಂಥ ಪ್ರಕಟವಾಗುವುದು ಬೇರೆ, ಓದುಗನ ಮನೆ ಸೇರುವುದು ಬೇರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪುಸ್ತಕದ ಅಂಗಡಿ ಎಂಬುದೇ ಇರಲಿಲ್ಲ.

ಈ ಅಂತರವನ್ನು ಗಳಗನಾಥರು ಅಕ್ಷರಶಃ ನಡೆದು ದಾಟಿದರು. ವೆಂಕಟೇಶ ತಿರಕೋ ಕುಲಕರ್ಣಿ (1869–1942) ಎಂಬ ಈ ಶಾಲಾಮಾಸ್ತರರು ಹರಿ ನಾರಾಯಣ ಆಪ್ಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಇತಿಹಾಸವನ್ನು ಆಧರಿಸಿ ‘ಮಾಧವ ಕರುಣಾವಿಲಾಸ’ವನ್ನು ಬರೆದರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಕಾದಂಬರಿಯ ರುಚಿಯನ್ನು ಹಳ್ಳಿಹಳ್ಳಿಗೆ ಹತ್ತಿಸಿದರು. ಪುಸ್ತಕದ ಗಂಟನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅಂಗಡಿಕಾರನ ಪಾಲು, ಸಾಗಣೆಯ ಖರ್ಚು ಎರಡನ್ನೂ ಅವರ ಕಾಲುಗಳೇ ತೆತ್ತವು. ಸಸ್ತುಂ ಸಾಹಿತ್ಯದ ಅಖಂಡಾನಂದರೂ ಗಳಗನಾಥರೂ ತೀರಿಕೊಂಡದ್ದು ಒಂದೇ ವರ್ಷ, 1942ರಲ್ಲಿ. ಒಬ್ಬರ ಬೆನ್ನಿಗೆ ಮುಂಬಯಿ, ಅಹಮದಾಬಾದುಗಳ ಶ್ರೀಮಂತ ಸಮಾಜವಿತ್ತು. ಇನ್ನೊಬ್ಬರ ಬೆನ್ನ ಮೇಲೆ ಪುಸ್ತಕದ ಗಂಟಿತ್ತು.

ಲೇಖಕನೇ ಭಾರ ಹೊರುವ ಈ ಪರಂಪರೆ ಗಳಗನಾಥರೊಂದಿಗೆ ಮುಗಿಯಲಿಲ್ಲ. ಮಾಸ್ತಿಯವರು ತಮ್ಮ ಗ್ರಂಥಗಳನ್ನು ತಾವೇ ಪ್ರಕಟಿಸಿ ಕಡಿಮೆ ಬೆಲೆಗೆ ಮಾರಿದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಸ್ವಂತ ಮುದ್ರಣಾಲಯವನ್ನೂ ನಡೆಸಿದರು. ಇದು ಕನ್ನಡ ಲೇಖಕರ ತ್ಯಾಗಕ್ಕೆ ಸಾಕ್ಷಿ. ಆದರೆ ಇದನ್ನು ಪದ್ಧತಿಯೆಂದು ಕರೆಯಲಾಗದು. ವೇತನ, ಹೆಸರು, ಹಟ ಇರುವವರು ತಮ್ಮ ಪುಸ್ತಕವನ್ನು ತಾವು ಹೊರಬಲ್ಲರು. ಮತ್ತೊಬ್ಬನ ಪುಸ್ತಕವನ್ನು ಹೊರುವವರು ಯಾರು?

5. ಚಂದಾದಾರನ ಮುಂಗಡ

ಈ ಪ್ರಶ್ನೆಗೆ 1933ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಮನೋಹರ ಗ್ರಂಥಮಾಲೆ ಒಂದು ಉತ್ತರವನ್ನು ಒದಗಿಸಿತು. ಅದರ ಚಾಲಕಶಕ್ತಿ ಜಿ.ಬಿ. ಜೋಶಿಯವರು (1904–1993), ‘ಜಡಭರತ’ರೆಂಬ ಹೆಸರಿನಲ್ಲಿ ನಾಟಕಕಾರರಾಗಿಯೂ ಪ್ರಸಿದ್ಧರು. ಓದುಗ ಮಾಲೆಗೆ ಸದಸ್ಯನಾಗಿ ವರ್ಷದ ಚಂದಾ ಕೊಡಬೇಕು. ಮಾಲೆ ಆ ವರ್ಷದ ಪುಸ್ತಕಗಳನ್ನು ಅವನಿಗೆ ತಲುಪಿಸಬೇಕು: ಮೇಲುನೋಟಕ್ಕೆ ಯೋಜನೆ ಇಷ್ಟೇ. ಊರೂರು ತಿರುಗಿ ಚಂದಾದಾರರನ್ನು ಕೂಡಿಸುವ ಕೆಲಸದಲ್ಲಿ ಜೋಶಿಯವರು ಗಳಗನಾಥರ ವಾರಸುದಾರರೇ ಸರಿ. ಆದರೆ ಗಳಗನಾಥರು ಹೊತ್ತದ್ದು ಅಚ್ಚಾದ ಪುಸ್ತಕವನ್ನು; ಜೋಶಿಯವರು ಹೊತ್ತು ತಿರುಗಿದ್ದು ಇನ್ನೂ ಅಚ್ಚಾಗದ ಪುಸ್ತಕದ ಮೇಲಿನ ಭರವಸೆಯನ್ನು.

ಈ ಏರ್ಪಾಡಿನಿಂದ ಬೆಲೆ ಹೇಗೆ ಇಳಿಯುತ್ತದೆ ಎಂಬುದನ್ನು ಸ್ವಲ್ಪ ವಿವರಿಸುವುದು ಅಗತ್ಯ. ಮೊಳೆ ಜೋಡಿಸುವ, ಕರಡು ತಿದ್ದುವ ಖರ್ಚು ಐನೂರು ಪ್ರತಿಗೂ ಎರಡು ಸಾವಿರ ಪ್ರತಿಗೂ ಒಂದೇ. ಆದ್ದರಿಂದ ಎಷ್ಟು ಪ್ರತಿ ಬೇಕೆಂಬುದು ಮೊದಲೇ ತಿಳಿದಿದ್ದರೆ ಪ್ರತಿಯೊಂದರ ಮೇಲೆ ಬೀಳುವ ಪಾಲನ್ನು ನಿಖರವಾಗಿ ಹಂಚಬಹುದು. ಕೈಯಲ್ಲಿ ಮುಂಗಡವಿದ್ದರೆ ಕಾಗದಕ್ಕಾಗಿ ಬಡ್ಡಿಯ ಸಾಲ ಮಾಡಬೇಕಿಲ್ಲ. ಚಂದಾದಾರನ ಪ್ರತಿ ಅಂಗಡಿಯ ಮೂಲಕ ಹೋಗದು. ಆದುದರಿಂದ ಮುಖಬೆಲೆಯ ಕಾಲುಭಾಗ, ಕೆಲವೊಮ್ಮೆ ಮೂರನೆಯ ಒಂದು ಭಾಗವನ್ನೇ ಕಬಳಿಸುವ ಮಾರಾಟದ ಕಮಿಶನ್ ಉಳಿಯುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಮಾರಾಟವಾಗದೆ ಗೆದ್ದಲು ಹಿಡಿಯುವ ಪ್ರತಿಗಳ ನಷ್ಟವನ್ನು ಮಾರಾಟವಾದ ಪ್ರತಿಗಳ ಬೆಲೆಗೆ ಸೇರಿಸಬೇಕಿಲ್ಲ. ಅಂದರೆ ಇಲ್ಲಿ ಬೆಲೆಯ ಇಳಿಕೆ ಪ್ರಕಾಶಕನ ಔದಾರ್ಯದಿಂದ ಬಂದುದಲ್ಲ. ಅನಿಶ್ಚಿತತೆ ಎಂಬ ಖರ್ಚನ್ನೇ ಓದುಗನ ನಂಬಿಕೆ ತೊಡೆದುಹಾಕಿದ್ದರಿಂದ ಬಂದುದು.

ಇದನ್ನು ಸಮಕಾಲೀನ ಪಾಶ್ಚಾತ್ಯ ಪ್ರಯೋಗಗಳೊಂದಿಗೆ ಹೋಲಿಸಿದರೆ ವಿಶೇಷತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಜರ್ಮನಿಯ ರೆಕ್ಲಾಮ್ ಸಂಸ್ಥೆ 1867ರಲ್ಲಿ ಆರಂಭಿಸಿದ ಅಗ್ಗದ ಮಾಲೆಗೆ ಮೂಲವಾದುದು ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳು. ಮನೋಹರ ಗ್ರಂಥಮಾಲೆಯ ಎರಡು ವರ್ಷಗಳ ಅನಂತರ, 1935ರಲ್ಲಿ, ಆರು ಪೆನ್ಸ್ ಬೆಲೆಯಲ್ಲಿ ಹೊರಬಂದ ಪೆಂಗ್ವಿನ್ ಪುಸ್ತಕಗಳು ಹೆಚ್ಚಾಗಿ ಈಗಾಗಲೇ ಗಟ್ಟಿ ರಟ್ಟಿನಲ್ಲಿ ಬಂದು ಹೆಸರು ಮಾಡಿದ ಕೃತಿಗಳ ಮರುಮುದ್ರಣ. ಅವುಗಳ ಬಲ ಭಾರಿ ಸಂಖ್ಯೆಯ ಮುದ್ರಣದಲ್ಲಿತ್ತು. ಸಾವಿರ ಪ್ರತಿಯನ್ನೇ ವಾಡಿಕೆ ಮಾಡಿಕೊಂಡಿದ್ದ ಕನ್ನಡದಲ್ಲಿ ಅದು ಅಸಾಧ್ಯ. ಸಂಖ್ಯೆಯ ಬಲವಿಲ್ಲದಲ್ಲಿ ಸಂಬಂಧದ ಬಲವನ್ನು ತಂದದ್ದು ಧಾರವಾಡದ ಯೋಜನೆಯ ಸ್ವೋಪಜ್ಞತೆ.

ಸಾಹಿತ್ಯದ ದೃಷ್ಟಿಯಿಂದ ಇದರ ಪರಿಣಾಮ ಇನ್ನೂ ಮಹತ್ತ್ವದ್ದು. ಅಂಗಡಿಯಲ್ಲಿ ನಿಂತ ಗ್ರಾಹಕ ತನಗೆ ಗೊತ್ತಿರುವ ಹೆಸರನ್ನು ಆರಿಸಿಕೊಳ್ಳುತ್ತಾನೆ. ಚಂದಾದಾರನಿಗೆ ಮಾಲೆ ಆರಿಸಿದ್ದು ಬರುತ್ತದೆ. ಪರಿಚಿತ ಕಾದಂಬರಿಕಾರನ ಜೊತೆಯಲ್ಲಿ ಅಪರಿಚಿತನೊಬ್ಬನ ಕೃತಿಯೂ ಮನೆಯೊಳಗೆ ಕಾಲಿಡುತ್ತದೆ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಸಲಹೆ ಮಾಲೆಗೆ ದೊರೆತ ಮೇಲೆ ಈ ಆಯ್ಕೆಗೆ ಒಂದು ದಿಕ್ಕು ಬಂದಿತು. ಮುಂಬಯಿಯಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋದ, ಇನ್ನೂ ಯಾರಿಗೂ ತಿಳಿಯದಿದ್ದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ, ‘ತುಘಲಕ್’ 1964ರಲ್ಲಿ ಇಲ್ಲಿಂದ ಬಂದವು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಗಿ ಬಿರುಗಾಳಿಯನ್ನೇ ಎಬ್ಬಿಸಿತು. ಶಿಕಾಗೊದಲ್ಲಿದ್ದ ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಬೆಳಕು ಕಂಡಿತು. ಸಂಪ್ರದಾಯಸ್ಥ ಮನೆತನದ ಓದುಗನೊಬ್ಬ ‘ಸಂಸ್ಕಾರ’ವನ್ನು ಕೇಳಿ ಕೊಂಡಿರಲಾರ, ಆದರೆ ಚಂದಾದಾರನಾಗಿದ್ದರೆ ಅದು ಅವನ ಮನೆಗೆ ಬಂದಿರುತ್ತದೆ. ಒಪ್ಪಲಿ, ಜಗಳವಾಡಲಿ, ಅವನು ಅದನ್ನು ಓದಿದ. ಕನ್ನಡದ ನವ್ಯಸಾಹಿತ್ಯಕ್ಕೆ ದೊರೆತ ಓದುಗ ಸಮುದಾಯದ ಒಂದು ಭಾಗವನ್ನು ಸಿದ್ಧಪಡಿಸಿದ್ದು ಸುಲಭ ಬೆಲೆಯ ಈ ಒಪ್ಪಂದ.

ಚಂದಾದಾರಿಕೆಯ ಮಿತಿಯನ್ನೂ ಹೇಳಬೇಕು. ವರ್ಷದ ಹಣವನ್ನು ಮುಂಗಡವಾಗಿ ತೆರಬಲ್ಲವನು ಸಂಬಳದ ಆಧಾರವಿದ್ದ ಶಿಕ್ಷಕ, ಗುಮಾಸ್ತ, ವಕೀಲ. ದಿನಗೂಲಿಯವನು ಈ ವರ್ತುಲದ ಹೊರಗೇ ಉಳಿದ. ‘ಹೆಚ್ಚು ಜನ’ ಎಂಬ ಮಾತಿನ ಅರ್ಥವ್ಯಾಪ್ತಿ ಇಲ್ಲಿ ಅಕ್ಷರಸ್ಥ ಮಧ್ಯಮವರ್ಗದಾಚೆಗೆ ಬಹಳ ದೂರ ಚಾಚಲಿಲ್ಲ.

6. ಮುಂಬಯಿಯ ಓದುಗ

ಈ ಮಿತಿ ಎದ್ದು ಕಾಣುವುದು ಮುಂಬಯಿಯಲ್ಲಿ. ಇಲ್ಲಿಗೆ ಬಂದ ಕನ್ನಡಿಗರಲ್ಲಿ ಬ್ಯಾಂಕು, ಕಚೇರಿಗಳ ನೌಕರರಿದ್ದರು, ಗಿರಣಿ ಕಾರ್ಮಿಕರಿದ್ದರು, ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವ ಹುಡುಗರು ಅಸಂಖ್ಯರಿದ್ದರು. ಹಗಲು ತಟ್ಟೆಲೋಟ ತೊಳೆದು ಇರುಳು ಪಾಠ ಓದುತ್ತಿದ್ದ ಈ ಹುಡುಗರಿಗಾಗಿ ಮೊಗವೀರ, ಬಿಲ್ಲವ ಮೊದಲಾದ ಸಮಾಜಗಳ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದವು. ಅವರಲ್ಲಿ ಪುಸ್ತಕದ ಹಸಿವು ಇತ್ತು. ಚಂದಾ ತುಂಬುವ ಸ್ಥಿತಿಯಾಗಲಿ, ಅಂಚೆಯ ಲಕೋಟೆ ಸೇರಬಹುದಾದ ಸ್ಥಿರ ವಿಳಾಸವಾಗಲಿ ಇರಲಿಲ್ಲ.

ಅವರ ಪಾಲಿಗೆ ಸಂಘದ ವಾಚನಾಲಯವೇ ಚಂದಾದಾರ. ಮೈಸೂರು ಅಸೋಸಿಯೇಶನ್ (1926), ಮನೋಹರ ಗ್ರಂಥಮಾಲೆಯ ವರ್ಷವೇ ಹುಟ್ಟಿದ ಕರ್ನಾಟಕ ಸಂಘ (1933), ಮುಂಬಯಿ ಕನ್ನಡ ಸಂಘ (1936), ಮುಂದೆ ಗೋರೆಗಾಂವ್ ಮೊದಲಾದ ಉಪನಗರಗಳಲ್ಲಿ ಬೆಳೆದ ಸಂಘಗಳು ನಾಟಕ, ಉಪನ್ಯಾಸಗಳ ಜೊತೆಗೆ ಪುಸ್ತಕದ ಕಪಾಟನ್ನೂ ಕಾಪಾಡಿಕೊಂಡು ಬಂದವು. ಒಂದು ಪ್ರತಿ ಹಲವು ಕೈಗಳಲ್ಲಿ ತಿರುಗಿದಾಗ ಅದರ ಬೆಲೆ ಹಲವು ಪಾಲಾಗಿ ಒಡೆಯುತ್ತದೆ. ಗಮಕಿಯೊಬ್ಬ ಓದಿ ಊರೇ ಕೇಳುತ್ತಿದ್ದ ಗದುಗಿನ ಭಾರತದ ಸಂಪ್ರದಾಯಕ್ಕೆ ಇದು ದೂರದ ನೆಂಟಸ್ತಿಕೆಯುಳ್ಳದ್ದು.

ಫೋರ್ಟ್, ಮಾಟುಂಗ, ಮಾಹಿಮ್‌ಗಳಿಂದ ಕನ್ನಡ ಕುಟುಂಬಗಳು ಉತ್ತರದ ಉಪನಗರಗಳಿಗೆ ಸರಿದಂತೆ ಹಳೆಯ ಕಪಾಟುಗಳೂ ಓದುಗರೂ ಬೇರೆಬೇರೆಯಾದರು. ಮಲಾಡ್‌ನ ಓದುಗ ಒಂದು ಪುಸ್ತಕ ಬದಲಾಯಿಸಲು ಪಶ್ಚಿಮ ರೈಲಿನ ಇಕ್ಕಟ್ಟಿನಲ್ಲಿ ಮಾಹಿಮ್‌ಗೆ ಹೋಗಿಬರಬೇಕಾಯಿತು. ಅಂತಹವನಿಗೆ ಅಂಚೆಯಲ್ಲಿ ಬರುವ ಮಾಲೆ ಎಷ್ಟು ದೊಡ್ಡ ಅನುಕೂಲ ಎಂಬುದನ್ನು ಒತ್ತಿ ಹೇಳಬೇಕಿಲ್ಲ. ಅದು ಪುಸ್ತಕವನ್ನು ತಂದಿತಷ್ಟೇ ಅಲ್ಲ. ಈ ವರ್ಷ ಕನ್ನಡದಲ್ಲಿ ಓದಬೇಕಾದುದು ಏನು ಎಂಬ ಸುದ್ದಿಯನ್ನೂ ತಂದಿತು.

ಮುಂಬಯಿ ಮತ್ತು ಕನ್ನಡದ ಈ ವ್ಯವಹಾರ ಏಕಮುಖವಾಗಿರಲಿಲ್ಲ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಅನಂತ ಪೈಯವರ ಹೆಸರಿನೊಂದಿಗೆ ‘ಅಮರ ಚಿತ್ರಕಥೆ’ ಬೆಸೆದುಕೊಂಡಿದೆ. ಅದರ ಇಂಗ್ಲಿಷ್ ಸಂಚಿಕೆಗಳ ಕ್ರಮಸಂಖ್ಯೆ 11ರಿಂದ ಮೊದಲಾಗುತ್ತದೆ. ಏಕೆಂದರೆ ಮೊದಲ ಹತ್ತು ಸಂಚಿಕೆಗಳು ಬಂದುದು ಕನ್ನಡದಲ್ಲಿ. ಮಕ್ಕಳಿಗೆ ಅವರ ಭಾಷೆಯಲ್ಲಿಯೇ ಕಡಿಮೆ ಬೆಲೆಯ ಚಿತ್ರಪುಸ್ತಕ ಬೇಕೆಂದು 1965ರಲ್ಲಿ ಇಂಡಿಯಾ ಬುಕ್ ಹೌಸಿನ ಮುಂಬಯಿ ಕಚೇರಿಗೆ ಸೂಚಿಸಿದವರು ಬೆಂಗಳೂರಿನಲ್ಲಿದ್ದ ಜಿ.ಕೆ. ಅನಂತರಾಮ್ ಎಂದು ಅವರ ಕುಟುಂಬದವರು ದಾಖಲಿಸಿದ್ದಾರೆ. ಕನ್ನಡದಲ್ಲಿ ಕಂಡ ಯಶಸ್ಸು ಮುಂಬಯಿಯ ಸಂಸ್ಥೆಗೆ ಧೈರ್ಯವಿತ್ತಿತು.

7. ಸರ್ಕಾರದ ಗ್ರಂಥ

ಸ್ವಾತಂತ್ರ್ಯೋತ್ತರ ಕಾಲದಲ್ಲಿ ದಾನಿಯ ಸ್ಥಾನಕ್ಕೆ ಸರ್ಕಾರ ಬಂದಿತು. ಮೈಸೂರು ಸರ್ಕಾರ 1958ರಲ್ಲಿ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ಕೇವಲ 2 ರೂಪಾಯಿಗೆ ನೀಡಿದ್ದು ಕನ್ನಡ ಗ್ರಂಥಪ್ರಸಾರದ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಪಂಡಿತರ ಸ್ವತ್ತಾಗಿದ್ದ ಹಿರಿಯ ಹೊತ್ತಗೆ ರೈತನ ಮನೆಯ ಗೂಡನ್ನು ಸೇರಿತು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಲ್ಲಿ ಬಂದಿತು. ಅದೇ ವರ್ಷ ಕನ್ನಡ ಪುಸ್ತಕ ಪ್ರಾಧಿಕಾರವೂ ಸ್ಥಾಪಿತವಾಯಿತು. ಮಧ್ಯಕಾಲೀನ ಸಾಹಿತ್ಯವನ್ನು ಕಲಿಸುವ ನಮ್ಮಂತಹವರು ಈ ಯೋಜನೆಗಳಿಗೆ ಸದಾ ಋಣಿಗಳು.

ಆದರೂ ಇದು ರೂಪಾಂತರಗೊಂಡ ಶಾಸ್ತ್ರದಾನವೇ. ಸರ್ವಸಮ್ಮತವಾದ ಪ್ರಾಚೀನ ಗ್ರಂಥವನ್ನು ಸರ್ಕಾರ ನಿರ್ಭಯವಾಗಿ ಹಂಚಬಲ್ಲದು; ‘ಸಂಸ್ಕಾರ’ದಂತಹ ಹೊಸ ಕೃತಿಯನ್ನು ಅದು ಪ್ರಥಮ ಮುದ್ರಣದಲ್ಲಿ ಕೈಗೆತ್ತಿಕೊಳ್ಳುತ್ತಿತ್ತೆಂದು ಊಹಿಸುವುದು ಕಷ್ಟ. ದಾನಿ ಮರೆಯಾದರೆ ಅಗ್ಗದ ಪುಸ್ತಕವೂ ಮರೆಯಾಗುತ್ತದೆ ಎಂಬ ಹಳೆಯ ಪಾಠವನ್ನು ಇನ್ನೊಂದು ದಿಕ್ಕಿನಿಂದ 1991 ನೆನಪಿಸಿತು. ದಶಕಗಳ ಕಾಲ ಮಾಸ್ಕೊದಿಂದ ಬರುತ್ತಿದ್ದ, ನಂಬಲಾಗದಷ್ಟು ಕಡಿಮೆ ಬೆಲೆಯ, ಗಟ್ಟಿ ಕಟ್ಟಿನ ರಷ್ಯನ್ ಸಾಹಿತ್ಯದ ಅನುವಾದಗಳು ಸೋವಿಯತ್ ಒಕ್ಕೂಟದೊಂದಿಗೇ ಅಂತ್ಯಗೊಂಡವು. ಅವುಗಳನ್ನು ಕನ್ನಡ ಓದುಗರಿಗೆ ತಲುಪಿಸುತ್ತಿದ್ದ ನವಕರ್ನಾಟಕ ಪ್ರಕಾಶನ (1960) ಉಳಿದು ಬೆಳೆದುದು, ನಿರಂಜನರ ಸಂಪಾದಕತ್ವದ 25 ಸಂಪುಟಗಳ ‘ವಿಶ್ವ ಕಥಾಕೋಶ’ದಂತಹ ಸ್ವಂತ ಯೋಜನೆಗಳನ್ನೂ ಸ್ವಂತ ಮಳಿಗೆಗಳ ಜಾಲವನ್ನೂ ಕಟ್ಟಿಕೊಂಡಿದ್ದರಿಂದ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ನಿಷ್ಕರ್ಷೆ ಎರಡು. ಮೊದಲನೆಯದು: ಅಗ್ಗದ ಪುಸ್ತಕ ಮತ್ತು ಸುಲಭ ಪುಸ್ತಕ ಒಂದೇ ಅಲ್ಲ. ದಾನಿ, ಸರ್ಕಾರಗಳು ಪುಸ್ತಕವನ್ನು ಅಗ್ಗ ಮಾಡಬಲ್ಲವು. ಅದು ಸುಲಭವಾಗುವುದು ಅದರ ಸುದ್ದಿ, ಸಾಗಣೆ, ವಿಶ್ವಾಸ ಮೂರೂ ಓದುಗನಿಗೆ ಒದಗಿದಾಗ. ಎರಡನೆಯದು: ಪರಂಪರೆಯನ್ನು ಉಳಿಸಲು ದಾನ ಸಾಕು, ಹೊಸದನ್ನು ಹುಟ್ಟಿಸಲು ಚಂದಾ ಬೇಕು. ಪುಸ್ತಕವನ್ನು ನೋಡುವ ಮೊದಲೇ ಅದರಲ್ಲಿ ಪಾಲುಗೊಳ್ಳುವ ಓದುಗರ ಸಮೂಹವೊಂದು ಇಲ್ಲದಿದ್ದರೆ ಪ್ರಕಾಶಕ ಗೊತ್ತಿದ್ದುದನ್ನೇ ಮತ್ತೆ ಮುದ್ರಿಸುತ್ತಾನೆ.

ಈ ಮಾತು ಇಂದು ಕೇವಲ ಚಾರಿತ್ರಿಕವಾದುದಲ್ಲ. ಪುಸ್ತಕಗಳಿಗಿದ್ದ ರಿಯಾಯಿತಿ ದರದ ನೋಂದಾಯಿತ ಬುಕ್‌ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ದೇಶದ ಸಣ್ಣ ಪ್ರಕಾಶಕರೆಲ್ಲ ಆತಂಕಗೊಂಡರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂದಿದೆ. ತೆರಿಗೆಯನ್ನು ಬಿಟ್ಟು 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ ಎಂಬುದು ಅದರ ಆರಂಭದ ದರ. ಬೆಂಗಳೂರಿನ ಓದುಗ ಇದನ್ನು ಗಮನಿಸದೆ ಹೋಗಬಹುದು. ಮಲಾಡ್‌ನಲ್ಲಿ, ದೆಹಲಿಯಲ್ಲಿ, ಕಾಶಿಯಲ್ಲಿ ಕುಳಿತು ಕನ್ನಡದ ಪುಸ್ತಕಕ್ಕೆ ಕಾಯುವವನ ಮಟ್ಟಿಗೆ ಅಂಚೆಯ ದರವೇ ಪುಸ್ತಕದ ಬೆಲೆಯ ಉತ್ತರಾರ್ಧ.

ಹೊರನಾಡಿನ ಸಂಶೋಧಕರಾದ ನಮ್ಮ ಮುಂದೆ ಇಲ್ಲೊಂದು ಕರ್ತವ್ಯವೂ ಇದೆ. ಹಳೆಯ ಪುಸ್ತಕಗಳ ಕೊನೆಯ ಪುಟಗಳಲ್ಲಿ ಅಚ್ಚಾದ ಬೆಲೆಪಟ್ಟಿಗಳು, ಚಂದಾದಾರರಿಗೆ ಬರೆದ ವಿನಂತಿಗಳು, ಸಂಘಗಳ ವಾಚನಾಲಯಗಳ ಎರವಲು ವಹಿಗಳು, ಒಳಪುಟದಲ್ಲಿ ಒತ್ತಿದ ಮುದ್ರೆಗಳು, ಇವೆಲ್ಲ ಸಾಹಿತ್ಯ ಚರಿತ್ರೆಯ ಆಕರಗಳೇ. ಶಾಸನದ ಅಂಚಿನಲ್ಲಿರುವ ದಾನದ ಸಾಲನ್ನು ಭೂತಗನ್ನಡಿ ಹಿಡಿದು ಓದುವ ನಾವು ಈ ಕಾಗದಗಳನ್ನು ರದ್ದಿಯ ತಕ್ಕಡಿಗೆ ಬಿಡುವುದು ತರವಲ್ಲ. ಉಪನಗರಗಳ ಹಳೆಯ ಮನೆಗಳು ಕೆಡವಲ್ಪಟ್ಟು ಬಹುಮಹಡಿಯ ಕಟ್ಟಡಗಳು ಏಳುತ್ತಿರುವ ಈ ದಿನಗಳಲ್ಲಿ ಒಂದು ತಲೆಮಾರಿನ ಕನ್ನಡ ಕಪಾಟುಗಳು ಚದುರುತ್ತಿವೆ. ಅತ್ತಿಮಬ್ಬೆ ಹಂಚಿದ ಸಾವಿರ ಪ್ರತಿಗಳನ್ನು ಪಡೆದವರು ಯಾರೆಂದು ಕೇಳಲು ನಾವು ಸಾವಿರ ವರ್ಷ ತಡವಾಗಿ ಬಂದವರು. ಚಂದಾ ಕಟ್ಟಿ ‘ಸಂಸ್ಕಾರ’ವನ್ನು ಬರಮಾಡಿಕೊಂಡವರ ಮನೆಯ ಬಾಗಿಲನ್ನು ತಟ್ಟಲು ಇನ್ನೂ ತಡವಾಗಿಲ್ಲ.